ವೀಳ್ಯದ ಬಾಯಿಗೆ ಕೂಗಿದ ಕಡ್ಡಿ

ಎಡಗಡೆಯ ಎರಡು ದವಡೆ ಹಲ್ಲು ಹೋಗಿ ವರ್ಷಗಳಾದವು. ಅಕ್ಕಿರೊಟ್ಟಿ ಅಗಿಯಲು ದೇವರು ಬಲಗಡೆ ಒಂದು ಗಟ್ಟಿ ಹಲ್ಲು ಉಳಿಸಿದ್ದಾನೆ. ಅದರ ಸಂದಿಯಲ್ಲಿ ಅನ್ನದಗುಳು ಸಿಕ್ಕಿಕೊಳ್ಳುತ್ತದೆಂದು ತೋರಿಸಲು ಯಸಳೂರಿನಿಂದ ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋಗಿದ್ದೆವು, ನಾನು ಮತ್ತು ನಮ್ಮ ಯಜಮಾನರು.

ಅಲ್ಲಿನ ಹಲ್ಲಿನ ಡಾಕ್ಟ್ರಮ್ಮ ಪೆನ್ನಿನಂಥ ಒಂದು ಕಡ್ಡಿ ತಂದು ಆ ಹಲ್ಲಿನ ಮೇಲೆ ಆಡಿಸಿದರು. ತುದಿಯಲ್ಲಿ ಕೆಂಪು ಬೆಳಕು. ನೋವೇನೂ ಆಗಲಿಲ್ಲ, ಆದರೆ ಕಡ್ಡಿ ಕುಂಯ್ ಎಂದು ಕೂಗಿತು. ಪಕ್ಕದ ಪೆಟ್ಟಿಗೆಯಲ್ಲಿ ಅಂಕಿ ಏರಿತು.

"ಒಳಗೆ ಹುಳುಕಿರೋ ಹಾಗಿದೆ ಅಮ್ಮ. ಕೊರೆದು ತುಂಬಬೇಕಾಗುತ್ತೆ."

ಒಂದು ದಿನವೂ ನೋಯದ ಹಲ್ಲು. ಕಣ್ಣಿಗೆ ಕಾಣದ ಹುಳುಕು ಈ ಕಡ್ಡಿಗೆ ಹೇಗೆ ಕಂಡಿತು?

"ಮಿಷಿನ್ನು ಸುಳ್ಳೇಳ್ತೈತಾ? ಕೊರೆಸ್ಕಂಬುಡು ಅತ್ಲಾಗೆ" ಎಂದರು ಯಜಮಾನರು, ಬಾಗಿಲ ಬಳಿಯ ಸ್ಟೂಲಿನಿಂದಲೇ.

"ನಿಮ್ ಕಾಫಿ ಮೀಟ್ರು ಹೇಳ್ಳಿಲ್ವಾ? ಕಣದಿಂದ ಬಿಸಿಬಿಸಿ ಬೀಜ ತಂದು ಹಾಕ್ಬುಟ್ಟು, ತೇವ ಎಷ್ಟೈತೆ ಅಂತ ಅಂಕಿ ನೋಡಿ ಮೂಟೆ ಕಟ್ಟಕ್ಕೋಗಿದ್ರಲ್ಲ, ಹೋದೊರ್ಷ? ಬಿಸಿ ಆರಿದ್ಮೇಲೆ ಹಾಕಿದ್ರೆ ಇನ್ನೂ ತೇವ ಐತೆ ಅನ್ನಲಿಲ್ವಾ?" ಎಂದೆ.

ಅವರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಡಾಕ್ಟ್ರಮ್ಮ ಮಾತ್ರ ನಗದೆ ನನ್ನ ಬಾಯಿಗೆ ಮತ್ತೆ ದೀಪ ಹಿಡಿದರು. "ಅಮ್ಮ, ಎಲೆ ಅಡಿಕೆ ಹಾಕ್ಕೊಂಡ್ರಾ?"

ಅಂದು ಶುಕ್ರವಾರ. ಬಸ್ಸಿಗೆ ಹೊರಟವಳನ್ನು ಪಕ್ಕದ ಮನೆಯಾಕೆ ಕುಂಕುಮಕ್ಕೆ ಕರೆದು ವೀಳ್ಯ ಕೊಟ್ಟಿದ್ದಳು. "ಮುತ್ತೈದೆ ಕೊಟ್ಟ ಎಲೆ ಬ್ಯಾಡ ಅನ್ನಕ್ಕಾಯ್ತದಾ? ಬಸ್ಸಲ್ಲಿ ಹಾಕ್ಕಂಡೆ. ಬಾಯಿ ಮುಕ್ಕಳ್ಸೀನಿ ಕಣ್ರೀ."

"ಎಲೆ ಅಡಿಕೆ ಕಲೆಗೂ ಈ ಕಡ್ಡಿ ಕೂಗುತ್ತೆ. ಮೊದ್ಲು ಕ್ಲೀನ್ ಮಾಡಿ, ಒಣಗಿಸಿ ನೋಡ್ಬೇಕಿತ್ತು. ತಪ್ಪು ನಂದೂ ಇದೆ."

ಉಜ್ಜಿದರು, ತೊಳೆದರು, ಗಾಳಿ ಬಿಟ್ಟು ಒಣಗಿಸಿದರು. ಕಡ್ಡಿ ಮತ್ತೆ ಬಂತು. ಮನಸ್ಸಿನಲ್ಲೇ ಮನೆದೇವರನ್ನು ನೆನೆದೆ. ಈ ಸಲ ಅಂಕಿ ಮೊದಲಿನದರ ಅರ್ಧಕ್ಕೂ ಏರಲಿಲ್ಲ.

"ಈಗ ಕೊರೆಯೋದು ಬೇಡ. ಮೂರು ತಿಂಗಳು ಬಿಟ್ಟು ಬನ್ನಿ, ಏರಿದೆಯಾ ನೋಡೋಣ."

ಕೈಮುಗಿದು ಎದ್ದೆನಾದರೂ ಸಂಶಯ ಹೋಗಲಿಲ್ಲ. ಅದೇ ಹಲ್ಲು, ಅದೇ ಕಡ್ಡಿ, ಒಂದೇ ಗಳಿಗೆಯಲ್ಲಿ ಎರಡು ಮಾತು. ಮೊದಲಿನದು ಸುಳ್ಳಾದರೆ ಎರಡನೆಯದು ನಿಜವೆಂದು ಯಾರು ಹೇಳಬೇಕು? ಮೂರು ತಿಂಗಳೂ ರಾತ್ರಿ ಊಟವಾದ ಮೇಲೆ ಉಪ್ಪುನೀರು ಮುಕ್ಕಳಿಸಿ, ನಾಲಿಗೆಯಿಂದ ಆ ಹಲ್ಲನ್ನು ತಡವಿ ನೋಡಿಕೊಂಡೇ ಮಲಗಿದೆ.

ಮತ್ತೆ ಹೋದದ್ದೂ ಶುಕ್ರವಾರವೇ. ಪಕ್ಕದ ಮನೆಯಾಕೆ ಈ ಸಲವೂ ಬಿಡಲಿಲ್ಲ. ವೀಳ್ಯವನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. "ಯಾಕೆ, ಬಾಯಿಗೆ ಹಾಕ್ಕಳಲ್ವಾ?" ಎಂದಳು. "ಮಿಷಿನ್ನಿಗೆ ಆಗಲ್ಲ ಕಣೇ" ಎಂದೆ.

ಡಾಕ್ಟ್ರಮ್ಮ ಮೊದಲು ಉಜ್ಜಿ ಒಣಗಿಸಿ, ಆಮೇಲೆ ಕಡ್ಡಿ ಇಟ್ಟರು. ಅಂಕಿ ಹಿಂದಿನಷ್ಟೇ ಇತ್ತು. ಇನ್ನೊಮ್ಮೆ ಇಡಿ ಎಂದೆ. ಇಟ್ಟರು. ಮತ್ತೂ ಒಮ್ಮೆ ಎಂದೆ. ನಗುತ್ತಾ ಇಟ್ಟರು. ಆಗಲೂ ಅಂಕಿ ಅಷ್ಟೇ.

ಬಸ್ಸಿನಲ್ಲಿ ಸೆರಗಿನ ಗಂಟು ಬಿಚ್ಚಿದೆ. ಎಲೆ ಸ್ವಲ್ಪ ಬಾಡಿತ್ತು. ಬಲಗಡೆಯೇ ಇಟ್ಟುಕೊಂಡು ಅಗಿದೆ.