ಮದಗುಣಕಿ ಬೆರೆತ ಪಲ್ಲೆ

ಹೊಲದ ಬದುವಿನಲ್ಲಿ ಪುಕ್ಕಟೆ ಬೆಳೆಯುವ ಸೊಪ್ಪು ಒಂದು ಸಂಸಾರವನ್ನೇ ಮುಳುಗಿಸಬಲ್ಲದು ಎಂದರೆ ಈಗಿನವರು ನಗುತ್ತಾರೆ. ನಗಲಿ. ನಾನು ಕಣ್ಣಾರೆ ಕಂಡಿದ್ದೇನೆ.

ಸ್ವಾತಂತ್ರ್ಯ ಬರುವುದಕ್ಕೆ ಐದಾರು ವರ್ಷ ಮೊದಲಿನ ಮಾತು. ಹಿರೇಕೆರೂರು ಕಡೆಯ ತವರಿನಿಂದ ತಿಳವಳ್ಳಿಗೆ ಸೊಸೆಯಾಗಿ ಬಂದು ನನಗೆ ಎರಡು ವರ್ಷವಾಗಿತ್ತು. ಮನೆಯಲ್ಲಿದ್ದವರು ಮೂವರೇ: ಅತ್ತೆ, ನನ್ನ ಗಂಡ, ನಾನು. ಮುಂಗಾರು ಬಿದ್ದ ಹದಿನೈದು ದಿನಕ್ಕೆ ಅತ್ತೆ ಉಡಿ ಕಟ್ಟಿಕೊಂಡು ಬದುವಿಗೆ ಹೋಗುವರು. ಕಿರಕಸಾಲಿ, ಗೋಳಿ, ಕಾಡು ರಾಜಗಿರಿ, ಸಿಕ್ಕಿದ ಸೊಪ್ಪೆಲ್ಲ ಉಡಿಗೆ. ಕೂಡಿಸಿ ಬೇಯಿಸಿದರೆ ಅದೇ ಬೆರಕೆ ಪಲ್ಲೆ. ಬೇಯಿಸುವುದು ನನ್ನ ಪಾಲು. ಹರಿಯುವುದು, ಆರಿಸುವುದು ಅವರದು. ಕಣ್ಣು ಮಂಜಾಗಿದ್ದರೂ ಜಂಬ ಮಾತ್ರ ಮಂಜಾಗಿರಲಿಲ್ಲ.

ಆ ದಿನ ಮೊರದಲ್ಲಿ ನಾಲ್ಕಾರು ಅಗಲ ಎಲೆ ಕಂಡವು. ಮೂಸಿದೆ, ವಾಸನೆ ಸರಿಬರಲಿಲ್ಲ.

“ಅತ್ತಿ, ಇದ್ಯಾವ ಎಲಿರಿ?”

“ರಾಜಗಿರಿ. ನಿನ್ನ ತವರಾಗ ಬರೇ ಕಲ್ಲು ಬೆಳೀತಾವೇನು? ಸುಮ್ನ ಒಲಿ ಹಚ್ಚು.”

ಹಚ್ಚಿದೆ. ಬೇಳೆ ಹಾಕಿ ಬೇಯಿಸಿ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟೆ. ಉಪ್ಪು ನೋಡಲು ಒಂದು ಹನಿ ನಾಲಿಗೆಗೆ ಹಚ್ಚಿಕೊಳ್ಳುವಂತಿರಲಿಲ್ಲ. ಹಿರಿಯರು ಲಿಂಗಕ್ಕೆ ತೋರಿಸಿ ಉಣ್ಣುವ ಮುಂಚೆ ಸೊಸೆ ರುಚಿ ನೋಡಿದರೆ ಅಡಿಗೆಯೆಲ್ಲ ಎಂಜಲು. ತಾಯಿ ಮಗ ರೊಟ್ಟಿಯೊಡನೆ ಹೊಟ್ಟೆ ತುಂಬ ಉಂಡೆದ್ದರು. ನಾನು ದನಕ್ಕೆ ನೀರು ತೋರಿಸಿ, ಒಲೆ ಸಾರಿಸಿ, ತಾಟು ಹಾಕಿಕೊಳ್ಳುವಷ್ಟರಲ್ಲಿ ಪಡಸಾಲೆಯಲ್ಲಿ ಏನೋ ಬಿದ್ದ ಸಪ್ಪಳವಾಯಿತು.

ಓಡಿ ಹೋದೆ. ನನ್ನ ಗಂಡ ಗೋಡೆಯ ಜೊತೆ ಮಾತಾಡುತ್ತ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದರು. ಅತ್ತೆ ನೀರು ನೀರು ಎನ್ನುತ್ತಿದ್ದರು. ಕೊಟ್ಟರೆ ತಂಬಿಗೆ ಹಿಡಿಯಲಾರರು. “ನೀ ಯಾರವಾ?” ಎಂದು ನನ್ನನ್ನೇ ಕೇಳಿದರು. ಚೀರಿಕೊಂಡೆ. ಓಣಿಯೆಲ್ಲ ಕೂಡಿತು. ಉಪ್ಪುನೀರು ಕುಡಿಸಿ ಕಕ್ಕಿಸಿದರು. ನನ್ನ ಗಂಡನ ಕಾಕಾ ಮೊರದಲ್ಲಿ ಉಳಿದಿದ್ದ ಎಲೆಯೊಂದನ್ನು ಎತ್ತಿ ಹಿಡಿದು, “ಮದಗುಣಕಿ!” ಎಂದರು. ದತ್ತೂರಿಗೆ ನಮ್ಮ ಕಡೆಯ ಹೆಸರು ಅದು. ತಿಂದವರಿಗೆ ಹುಚ್ಚು ಹಿಡಿಸುವ ಗಿಡ.

ಆಮೇಲೆ ನನ್ನತ್ತ ತಿರುಗಿದರು. “ಇಬ್ಬರೂ ಬಿದ್ದಾರ. ನಿನಗೊಬ್ಬಾಕಿಗೆ ಏನೂ ಆಗಿಲ್ಲಲ್ಲ, ಯಾಕ?”

ಇನ್ನೂ ಉಂಡಿಲ್ಲವೆಂದು ಅಡಿಗೆಮನೆಯಲ್ಲಿದ್ದ ನನ್ನ ತಾಟು ತೋರಿಸಿದೆ. ಅದೇ ನನಗೆ ತಿರುಗಿಬಿತ್ತು. “ಗೊತ್ತಿದ್ದ ಉಂಡಿಲ್ಲ ಈಕಿ,” ಎಂದಳು ನೆರೆಮನೆಯಾಕೆ, ದಿನಾ ನನ್ನಿಂದ ಮಜ್ಜಿಗೆ ಒಯ್ಯುತ್ತಿದ್ದವಳು! ಎರಡು ದಿನ ಅವರಿಬ್ಬರ ಹತ್ತಿರ ನನ್ನನ್ನು ಸುಳಿಯಗೊಡಲಿಲ್ಲ. ಸತ್ತರೆ ಪೊಲೀಸರ ಕೈಗೆ, ಬದುಕಿದರೆ ಕಾಯಂ ತವರಿಗೆ ಎಂದರು ಕಾಕಾ. ಗಂಡ ಬಿಟ್ಟವಳೆಂಬ ಹೆಸರು ಹೊತ್ತು ಅಪ್ಪನ ಬಾಗಿಲಲ್ಲಿ ಹೇಗೆ ನಿಲ್ಲಲಿ?

ಮೂರನೆಯ ಬೆಳಿಗ್ಗೆ ಇಬ್ಬರಿಗೂ ಮೈಮೇಲೆ ಎಚ್ಚರ ಬಂತು. ನನ್ನನ್ನು ತವರಿಗೆ ಬಿಟ್ಟುಬರಲು ಅಂಗಳದಲ್ಲಿ ಗಾಡಿ ಹೂಡಿ ನಿಲ್ಲಿಸಿದ್ದರು. ಸುದ್ದಿ ಕೇಳಿ ಅತ್ತೆ ಗೋಡೆ ಹಿಡಿದು ಎದ್ದು ಕೂತರು.

“ಗಾಡಿ ಬಿಚ್ರಿ. ಹರದಾಕಿ ನಾನು, ಆರಿಸಿದಾಕಿ ನಾನು. ಇದ್ಯಾವ ಎಲಿ ಅಂತ ಆಕಿ ಕೇಳಿದ್ಲು, ನಾನ ಬಾಯಿ ಮುಚ್ಚಿಸಿದೆ.”

ಕಾಕಾ ತಲೆ ತಗ್ಗಿಸಿದರು. ಹೋದ ಜೀವ ಬಂದಂತಾಯಿತು ನನಗೆ. ಆದರೆ ನನ್ನ ಗಂಡ ಇನ್ನೂ ನನ್ನನ್ನೇ ನೋಡುತ್ತಿದ್ದರು.

“ಹಂಗಾರ ನೀ ಯಾಕ ಉಣಲಿಲ್ಲ ನಮ್ಮ ಜೋಡಿ?”

“ನಾ ಯಾವತ್ತು ನಿಮ್ಮ ಜೋಡಿ ಉಂಡೇನ್ರಿ?”

ಅವರು ತಾಯಿಯ ಮುಖ ನೋಡಿದರು. “ಹೌದೇನಬೇ?”

ವಿಷದ ಎಲೆ ಕಂಡಾಗಲೂ ನಾನು ಅಷ್ಟು ದಂಗಾಗಿರಲಿಲ್ಲ.

“ಹೂಂ,” ಎಂದರು ಅತ್ತೆ. “ನಾವು ಎದ್ದ ಮ್ಯಾಲ ಏನರ ಉಳದ್ರ ಉಣ್ತಾಳ.”

ಎರಡು ವರ್ಷದಲ್ಲಿ ಆ ಮನೆಯಲ್ಲಿ ನನ್ನ ಊಟದ ಮಾತು ಬಂದದ್ದು ಅದೇ ಮೊದಲು.