ಟವೆಲ್ಲಿನ ಕೆಳಗೆ ಒಂದು ಬೆರಳು

ಕಾಲೇಜಿನ ದಿನಗಳಲ್ಲಿ ನಾವು ನಾಲ್ವರು ಗೆಳೆಯರು ಹಿಮ ಬೀಳುವ ಒಂದು ರಾಜ್ಯದಲ್ಲಿ ಬದುಕಿದೆವು. ಹೊರಗೆ ಕಲಬುರಗಿಯ ಬಿಸಿಲು ನೆತ್ತಿ ಸುಡುತ್ತಿದ್ದರೆ, ನಾವು ನೆಹರು ಗಂಜಿನ ಪೇಟೆಯಲ್ಲಿ ಕಾಳಿನ ದಲಾಲಿ ನಡೆಸುವ ಅಡತಿ ಅಂಗಡಿಯ ಮೇಲಿನ ಕೋಣೆಯಲ್ಲಿ ತೊಗರಿಯ ಧೂಳಿಗೆ ಸೀನುತ್ತಾ ಹೆಪ್ಪುಗಟ್ಟಿದ ನದಿ ದಾಟುತ್ತಿದ್ದೆವು. ನಗುವವರು ನಗಲಿ. ಆಮೇಲೆ ನೋಡಿದ ಯಾವ ಊರೂ ನನಗೆ ಅಷ್ಟು ನಿಜವೆನಿಸಿಲ್ಲ.

ಆ ರಾಜ್ಯ ಬಂದದ್ದು ಒಂದು ಪೆಟ್ಟಿಗೆಯಲ್ಲಿ. ನಮ್ಮೂರಿನದೇ ಗಾಜಿಪುರ ಬಡಾವಣೆಯ ಗೆಳೆಯನಿಗೆ ಅವನ ಮಾಮಾ ಹೈದರಾಬಾದಿನ ಹಳೆ ಪುಸ್ತಕದಂಗಡಿಯಿಂದ ತಂದುಕೊಟ್ಟದ್ದು. ಮಡಿಕೆ ಹರಿದ ನಕ್ಷೆ, ನಿಯಮದ ಪುಸ್ತಕ, ಹಲವು ಮುಖಗಳ ದಾಳಗಳು. ಗೆಲ್ಲುವುದು ಸೋಲುವುದು ಆ ಆಟದಲ್ಲಿಲ್ಲ. ಒಬ್ಬ ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ನಡೆಸುತ್ತಿದ್ದವನು ಗಾಜಿಪುರದವನೇ. ನಾನು ಮುಂಗೋಪದ ಕತ್ತಿವೀರ. ಅದಕ್ಕೆ ನಟನೆ ಬೇಕಿರಲಿಲ್ಲ. ಅಡತಿ ಅಂಗಡಿಯವರ ಮಗ, ನಮ್ಮ ಗಂಜಿನ ಗೆಳೆಯ, ಬಿಲ್ಲುಗಾರ. ಭಾನುವಾರದ ಬಸ್ಸು ಹಿಡಿದು ಕಮಲಾಪುರದಿಂದ, ಪ್ರತಿಸಲ ತಡವಾಗಿ, ಕೆಂಪು ಬಾಳೆಹಣ್ಣಿನ ಚೀಲದ ಸಮೇತ ಬರುತ್ತಿದ್ದವನು ನಮ್ಮ ಗಾಯಗಳಿಗೆ ಮದ್ದು ಹಚ್ಚುವ ವೈದ್ಯ.

ಗುಟ್ಟಿನ ತೀರ್ಮಾನಗಳನ್ನು ಚೀಟಿಯಲ್ಲಿ ಬರೆದುಕೊಡಿ ಎನ್ನುತ್ತಿತ್ತು ಪುಸ್ತಕ. ಗಂಜಿನ ಗೆಳೆಯ ಒಪ್ಪಲಿಲ್ಲ. ಹಳೆಯ ದಲಾಲರು ಟವೆಲ್ಲಿನ ಕೆಳಗೆ ಕೈ ಕೊಟ್ಟು, ಬೆರಳು ಹಿಡಿದು ದರ ಹೇಳುವುದನ್ನು ಅವನು ಅಜ್ಜನಿಂದ ಕಲಿತಿದ್ದ. "ಟವೆಲ್ ಕೆಳಗ ಆದದ್ದು ಮ್ಯಾಲ ಬರಬಾರದು. ಕೇಳಾಂವನೂ ಹಲ್ಕಾ, ಹೇಳಾಂವನೂ ಹಲ್ಕಾ," ಎಂದು ಅಜ್ಜನ ಮಾತನ್ನೇ ನಮ್ಮ ನಿಯಮ ಮಾಡಿದ. ನಮಗೂ ಅದು ಹಿಡಿಸಿತು.

ಕೊನೆಯ ಆಟದ ದಿನ ನಾವು ಬೆಟ್ಟದೊಳಗಿನ ಕುಬ್ಜರ ಪಾಳು ನಗರದಿಂದ ಓಡಿ ಬರುತ್ತಿದ್ದೆವು. ಕಲ್ಲಿನ ಬಾಗಿಲು ಕೆಳಗಿಳಿಯುತ್ತಿತ್ತು.

"ನೀವ್ ದಾಟ್ರಿ, ನಾ ಹಿಡ್ಕೊಂಡಿರ್ತೀನಿ," ಎಂದ ವೈದ್ಯ.

ನಾನೂ ಬಿಲ್ಲುಗಾರನೂ ದಾಟಿದೆವು. ಕಥೆಗಾರ ಟವೆಲ್ ಹಾಸಿದ. ತಿರುಗಿ ಹೋಗಿ ಅವನನ್ನು ಎಳೆದು ತರುವುದಾದರೆ ಒಂದು ಬೆರಳು, ಬಿಟ್ಟು ನಡೆಯುವುದಾದರೆ ಎರಡು. ಇಬ್ಬರೂ ಒಪ್ಪಿದರೆ ಮಾತ್ರ ತಿರುಗುವುದು. ನಾನು ಕಥೆಗಾರನ ಒಂದು ಬೆರಳು ಹಿಡಿದೆ. ಆಮೇಲೆ ಗಂಜಿನವನ ಕೈ ಒಳಗೆ ಹೋಗಿ ಬಂತು. ಕಥೆಗಾರ ಟವೆಲ್ ಮಡಚಿಟ್ಟು, "ಬಾಗ್ಲಾ ಮುಚ್ಚಿತು. ನೀವು ಮುಂದ ನಡದ್ರಿ," ಎಂದ.

ಕಮಲಾಪುರದವನು ನಕ್ಕು, ಚೀಲ ಮಡಚಿಕೊಂಡು ಬಸ್ಸಿಗೆ ಹೋದ. ಮುಂದಿನ ಭಾನುವಾರ ಸಂಜೆಯ ತನಕ ಕಾದೆವು, ಬರಲಿಲ್ಲ. ಆಮೇಲೆಂದೂ ಬರಲಿಲ್ಲ. ಆಟವೂ ನಿಂತಿತು. ಆ ಬಾಗಿಲಿನಾಚೆ ನಕ್ಷೆಯಲ್ಲಿದ್ದ ಊರುಗಳನ್ನು ನಾವು ನೋಡಲೇ ಇಲ್ಲ.

ನಾನು ಹಿಡಿದದ್ದು ಒಂದು ಬೆರಳು. ಹಾಗಾದರೆ ಎರಡು ಹಿಡಿದವನು ಗಂಜಿನವನೇ ಎಂದುಕೊಂಡೆ. ಕೇಳುವಂತಿಲ್ಲವಲ್ಲ. ಕೇಳಲಾರದ ಸಿಟ್ಟು ಬೂದಿ ಮುಚ್ಚಿದ ಕೆಂಡ. ಎದುರು ಸಿಕ್ಕರೆ 'ಆರಾಮೇನು' ಎನ್ನುವಷ್ಟಕ್ಕೆ ನಮ್ಮ ಸ್ನೇಹ ಬಂದು ನಿಂತಿತು. ಅವನೂ ನನ್ನತ್ತ ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದ. ಸೊಕ್ಕು ಎಂದುಕೊಂಡೆ.

ಹೋದ ಬೇಸಿಗೆಯಲ್ಲಿ ಅವನು ಎದೆನೋವಿನಿಂದ ತೀರಿಕೊಂಡ. ಮಣ್ಣು ಕೊಟ್ಟು ಬರುವಾಗ ಗಾಜಿಪುರದ ಗೆಳೆಯ ರಸ್ತೆಬದಿಯಲ್ಲೇ ಕುಳಿತುಬಿಟ್ಟ.

"ಖರೇ ಹೇಳ್ತೀನಿ, ಅಂವನೂ ಒಂದ ಬೆರಳ ಹಿಡದಿದ್ದ. ನಾನ ಬಾಗ್ಲಾ ಮುಚ್ಚಿಬಿಟ್ಟೆ. ವೈದ್ಯ ಒಳಗ ಸಿಕ್ಕೊಂಡ್ರ ಮುಂದಿನ ವಾರ ಅಂವಂದು ದೊಡ್ಡ ಕಥಿ ಮಾಡೂಣಂತ ಇದ್ದೆ. ಅಂವ ಬರಲೇ ಇಲ್ಲ."

"ಇಷ್ಟ್ ವರ್ಷ ಬಾಯಿ ಬಿದ್ದಿತ್ತೇನ್ ನಿಂದು?"

"ಟವೆಲ್ ಕೆಳಗಿನ ಮಾತು. ಹ್ಯಾಂಗ ಹೇಳ್ಲಿ?"

ಹಾಗಾದರೆ ಎರಡು ಹಿಡಿದವನು ನಾನೆಂದುಕೊಂಡೇ ಗಂಜಿನವನು ನನ್ನತ್ತ ಮುಖ ಗಂಟಿಕ್ಕುತ್ತಿದ್ದ. ಗಾಜಿಪುರದವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಿ ಆಗುವುದೇನು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಜ್ಜನ ನಿಯಮ ತೊಗರಿಯ ದರಕ್ಕೆ ಮಾಡಿದ್ದು. ಅದನ್ನು ನಾವು ಗೆಳೆತನಕ್ಕೆ ಹಚ್ಚಿದೆವು. ಒಂದೇ ಒಂದು ಸಲ ಆ ಹಲ್ಕಾತನ ಮಾಡಿ ಕೇಳಿಬಿಟ್ಟಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ನಾವಿಬ್ಬರು ಕಮಲಾಪುರಕ್ಕೆ ಹೋದೆವು. ಗೆಳೆಯ ತೋಟದಲ್ಲಿ ಬಾಳೆಗೊನೆ ಇಳಿಸುತ್ತಿದ್ದ. ತಲೆ ಬೆಳ್ಳಗಾಗಿತ್ತು, ನಗು ಅದೇ. ಎಲ್ಲವನ್ನೂ ಹೇಳಿದೆವು, ಗಂಜಿನವನು ಹೋದದ್ದನ್ನೂ. ಅವನು ಗೊನೆಯ ಪಕ್ಕದಲ್ಲೇ ಕುಳಿತ.

"ಆಟಕ್ಕ ನಾ ಸಿಟ್ಟಾಗಿರ್ಲಿಲ್ಲೋ. ಯಾವಾಗ್ಲೂ ತಡಾ ಮಾಡಿ ಬರ್ತಿದ್ನೆಲ್ಲ, ನಾ ನಿಮಗ ಬ್ಯಾಡಾಗೀನಿ ಅಂತ ಬೆರಳಿಲೆ ಹೇಳಿದ್ರಿ ಅಂದ್ಕೊಂಡೆ. ಮರು ಐತವಾರನೂ ಬಸ್ ಹತ್ತಿ ಬಂದಿದ್ದೆ. ಅಂಗಡಿ ಮೆಟ್ಲ ತನಕ ಬಂದು, ಮ್ಯಾಲ ಹತ್ತಾಕ ಮನಸಾಗ್ಲಿಲ್ಲ. ಹೊಳ್ಳಿ ಹ್ವಾದೆ."

ಆ ಭಾನುವಾರ ಮೇಲಿನ ಕೋಣೆಯಲ್ಲಿ ನಾವು ಮೂವರೂ ಅವನಿಗಾಗಿಯೇ ಕಾದು ಕುಳಿತಿದ್ದೆವು.

ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹಾಕಿಕೊಂಡು ನನ್ನ ಮುಂದೆ ಚಾಚಿದ.

"ನಿಂದ್ ಎಷ್ಟಿತ್ತು?"

ಬಾಳೆಯ ಕರೆ ಅಂಟಿದ ಆ ಒರಟು ಕೈಯಲ್ಲಿ ಒಂದು ಬೆರಳು ಹುಡುಕಿ ಹಿಡಿದೆ. ಅವನು ತಲೆಯಾಡಿಸಿದ.

"ಅಂವಂದು?"

ಗಂಜಿನವನ ಪರವಾಗಿ ಅದೇ ಬೆರಳನ್ನು ಇನ್ನೊಮ್ಮೆ ಹಿಡಿದೆ. ಬಿಡಲು ನನಗೆ ಮನಸ್ಸಾಗಲಿಲ್ಲ. ಅವನೂ ಕೈ ಎಳೆದುಕೊಳ್ಳಲಿಲ್ಲ.