ಪ್ರದರ್ಶನಕ್ಕೆ ಮಾತ್ರ

ಶನಿವಾರ ಬೆಳಗ್ಗೆ ಗ್ಯಾರೇಜಿನ ಬಾಗಿಲು ಮೇಲೇಳುವ ಸದ್ದು ಕೇಳಿದರೆ ನನ್ನ ಕೈಯ ಕಾಫಿ ಲೋಟ ಅಲ್ಲೇ ನಿಂತುಬಿಡುತ್ತಿತ್ತು. ಅಪ್ಪ ದೇವಸ್ಥಾನಕ್ಕೆ ಹೊರಟರು ಎಂದರ್ಥ. ಅವರ ಬೂದು ಬಣ್ಣದ ಸೆಡಾನ್ ಹಿಮ್ಮುಖವಾಗಿ ಡ್ರೈವ್‌ವೇ ಇಳಿದು, ಯಾವ ಕಡೆ ಎಂದು ಯೋಚಿಸುವಂತೆ ಒಂದು ಕ್ಷಣ ನಿಂತು, ತಿರುವಿನಲ್ಲಿ ಮರೆಯಾಗುತ್ತಿತ್ತು. ದಾರಿಯಲ್ಲಿ ರೂಟ್ ಒನ್ ಹೆದ್ದಾರಿ ದಾಟಬೇಕು. ಅವರು ವಾಪಸು ಬರುವವರೆಗೂ ನಾನು ಫೋನನ್ನು ಕಣ್ಣಿಗೆ ಕಾಣುವಂತೆ ಇಟ್ಟುಕೊಂಡಿರುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಬಲಗಡೆಯ ಕನ್ನಡಿ ಮುರಿದುಕೊಂಡು ಬಂದರು. ಪಾರ್ಕಿಂಗ್ ಲಾಟಿನಲ್ಲಿ ಯಾರೋ ಗುದ್ದಿ ಹೋದರಂತೆ. ಡ್ರೈವ್‌ವೇ ಅಂಚಿನ ನಮ್ಮ ಮೇಲ್‌ಬಾಕ್ಸಿನ ಕಂಬದ ಮೇಲೆ ಬೂದು ಬಣ್ಣದ ಗೆರೆಯೊಂದನ್ನು ಕಂಡ ನೆನಪು ನನಗೆ. ಹಿಮ ಕರಗಿದ ಮೇಲೆ ಹೋಗಿ ನೋಡಿದರೆ ಗೆರೆ ಇರಲಿಲ್ಲ. ಅಪ್ಪ ಒರೆಸಿದರೋ, ನನ್ನ ಭಯವೇ ಎಳೆದ ಗೆರೆಯೋ, ಈಗಲೂ ಖಚಿತವಾಗಿ ಹೇಳಲಾರೆ.

ಹೀಗಿರುವಾಗ ಕಾರಿಗೆ ಇಪ್ಪತ್ತೈದು ತುಂಬಿತು. ಅಷ್ಟು ವಯಸ್ಸಾದ ಕಾರಿಗೆ ನ್ಯೂಜೆರ್ಸಿಯಲ್ಲಿ 'ಹಿಸ್ಟಾರಿಕ್' ನಂಬರ್ ಪ್ಲೇಟ್ ಕೇಳಬಹುದು. ಆಮೇಲೆ ಅದನ್ನು ಪ್ರದರ್ಶನ, ಶಿಕ್ಷಣ ಇಂಥವಕ್ಕೆ ಮಾತ್ರ ಹೊರಗೆ ತೆಗೆಯಬೇಕು, ದಿನದ ಓಡಾಟಕ್ಕಲ್ಲ. ಇದನ್ನು ಓದಿದಾಗ ನನಗಾದದ್ದು ಸಮಾಧಾನ. ಡ್ರೈವ್ ಮಾಡಬೇಡಿ ಎಂದು ಅಪ್ಪನಿಗೆ ನಾನು ಹೇಳಬೇಕಾಗಿರಲಿಲ್ಲ. ಸರ್ಕಾರವೇ ಹೇಳುತ್ತಿತ್ತು, ಅದೂ ಮರ್ಯಾದೆ ಕೊಟ್ಟು.

ಅವರಿಗೆ ಆಸೆ ಹುಟ್ಟಲೆಂದು ಪಕ್ಕದ ಊರಿನಲ್ಲಿ ನಡೆದ ಹಳೆಯ ಕಾರುಗಳ ಕೂಟಕ್ಕೆ ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಕೆಂಪು ಕಾರೊಂದನ್ನು ಬಟ್ಟೆಯಿಂದ ಉಜ್ಜುತ್ತಿದ್ದವನಿಗೆ ಅಪ್ಪ ಫೋನಿನಲ್ಲಿ ತಮ್ಮ ಸೆಡಾನಿನ ಫೋಟೋ ತೋರಿಸಿದರು, ಮೊಮ್ಮಕ್ಕಳ ಫೋಟೋ ತೋರಿಸುವ ಹಾಗೆ. ಆತ ಒಳ್ಳೆಯವನು, ನಗಲಿಲ್ಲ. ವಯಸ್ಸಾದರೆ ಆ್ಯಂಟೀಕ್ ಅನ್ನಿಸಿಕೊಳ್ಳಬಹುದು, ಆದರೆ ಬೇರೆಯವರೂ ಆಸೆಪಟ್ಟರೆ ಮಾತ್ರ ಕ್ಲಾಸಿಕ್ ಎಂದ. ವಾಪಸು ಬರುವಾಗ ಅಪ್ಪನನ್ನು ಸಮಾಧಾನಪಡಿಸಲು ನಾನು, ಅಮ್ಮ ಆ ಕಾರಿನ ಮುಂದಿನ ಸೀಟಿನಲ್ಲಿ ಬಿಸಿಬೇಳೆ ಬಾತಿನ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಯುಗಾದಿ ಊಟಕ್ಕೆ ಬರುತ್ತಿದ್ದುದನ್ನು ನೆನೆಸಿದೆ, ನಮಗಂತೂ ಅದು ಕ್ಲಾಸಿಕ್ಕೇ ಎಂದೆ.

"ಅದು ಮೊದಲಿದ್ದ ಆ ಬಿಳೀ ಕಾರು," ಎಂದರು ಅಪ್ಪ. "ಇದರಲ್ಲಿ ಅವಳು ಕೂತಿದ್ದು ಆಸ್ಪತ್ರೆಗೆ ಹೋಗಿಬರೋಕ್ಕೆ."

ಆ ಪಾತ್ರೆಯ ಬಿಸಿ, ಗಾಜಿಗೆ ಹತ್ತಿದ ಹಬೆ, ಎಲ್ಲವನ್ನೂ ನಾನು ಬೂದು ಕಾರಿನೊಳಗೇ ಕಂಡಿದ್ದೆ. ಇಷ್ಟು ವರ್ಷ ಬೇರೆ ಕಾರನ್ನು ಪ್ರೀತಿಸಿದ್ದೆನೇ?

ಮುಂದಿನ ಶನಿವಾರ ಅವರು ಹೊರಡುವ ಮೊದಲೇ ಗ್ಯಾರೇಜಿಗೆ ಹೋಗಿ ಪ್ಲೇಟಿನ ವಿಷಯ ತೆಗೆದೆ. ಪ್ರದರ್ಶನಕ್ಕೆ ಮಾತ್ರ ಎಂದು ಒತ್ತಿ ಹೇಳಿದೆ. ಮೈಸೂರಿನವರಾದ ಅಪ್ಪನಿಗೆ ಪ್ರದರ್ಶನವೆಂದರೆ ದಸರಾ ಎಕ್ಸಿಬಿಷನ್. ಹಾಗಾದರೆ ಹಪ್ಪಳದ ಅಂಗಡಿಯ ಪಕ್ಕದಲ್ಲಿ ನಿಲ್ಲಿಸಬೇಕೇನು ಎಂದು ಕೇಳಿದರು. ಆಮೇಲೆ, "ನಾನು ಹೋಗೋದು ದರ್ಶನಕ್ಕೆ. ಒಂದು 'ಪ್ರ' ತಾನೆ ಕಮ್ಮಿ? ಪೊಲೀಸಿನವನು ಕೇಳಿದ್ರೆ ಸೇರಿಸಿ ಹೇಳ್ತೀನಿ ಬಿಡು."

ನಾನು ನಕ್ಕೆ. ಅವರು ನಗಲಿಲ್ಲ.

"ಕಾರಿನ ವಯಸ್ಸು ಹಿಡ್ಕೊಂಡು ಕೂತಿದ್ದೀಯ. ನಿನ್ನ ಚಿಂತೆ ನನ್ನ ವಯಸ್ಸಿಂದು ತಾನೆ?"

ಅವರು ಕೀ ಚಾಚಿ, ಇವತ್ತು ನೀನೇ ಓಡಿಸು ಎಂದು ಪಕ್ಕದ ಬಾಗಿಲಿನ ಕಡೆ ನಡೆದರು.

ಒಳಗೆ ಕೂರಲು ಹೋದರೆ ಮಂಡಿ ಸ್ಟಿಯರಿಂಗಿಗೆ ತಗುಲಿತು. ಅಪ್ಪ ನನಗಿಂತ ಎತ್ತರ. ಆದರೂ ಸೀಟನ್ನು ಕೊನೆಯವರೆಗೆ ಮುಂದಕ್ಕೆ ಎಳೆದುಕೊಂಡಿದ್ದರು, ಬೆನ್ನಿಗೊಂದು ದಿಂಬು ಬೇರೆ.

"ಹಿಂದಕ್ಕೆ ತಳ್ಕೋ," ಎಂದರು, ನನ್ನ ಕಡೆ ನೋಡದೆ. "ನನಗೆ ಹತ್ತಿರ ಕೂತ್ರೆ ರಸ್ತೆ ಚೆನ್ನಾಗಿ ಕಾಣತ್ತೆ."

ಸೀಟನ್ನು ಹಿಂದಕ್ಕೆ ತಳ್ಳಿಕೊಂಡು ಹೊರಟೆ. ಮನೆಯ ರಸ್ತೆ ಮುಗಿಯುವಲ್ಲಿ ಸ್ಟಾಪ್ ಸೈನಿನಲ್ಲಿ ನಿಲ್ಲಿಸಿದೆ. ಅಪ್ಪ ಅಭ್ಯಾಸದಂತೆ ಕತ್ತು ಚಾಚಿ ತಮ್ಮ ಕಡೆ ನೋಡಿ, ಖಾಲಿ ಇದೆ, ಹೋಗು ಎಂದರು. ಅದೇ ಕಡೆಯಿಂದ ಬಿಳಿ ಟ್ರಕ್ಕೊಂದು ಬರುತ್ತಿತ್ತು. ನಾನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಅದು ನಮ್ಮ ಮುಂದೆಯೇ ಹಾದುಹೋಯಿತು, ಕಾರು ಅಲುಗಾಡಿತು.

ಅಪ್ಪ ಅದು ಹೋದ ದಿಕ್ಕನ್ನೇ ನೋಡುತ್ತ ಕೂತರು. ಕೀ ಅಂದಿನಿಂದ ನನ್ನ ಬಳಿಯೇ ಇದೆ. ಅವರು ಕೇಳಿಲ್ಲ. ಪ್ಲೇಟಿಗೆ ನಾನಿನ್ನೂ ಅರ್ಜಿ ಹಾಕಿಲ್ಲ.